ತಿದ್ದಿದ ಕಾಫಿ

ನಾನು ಸಿರುಗುಪ್ಪಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷವೇ ನಮ್ಮ ರೈಸ್ ಮಿಲ್ಲಿಗೆ ಇಟಲಿಯ ಯಂತ್ರವೊಂದು ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಿ ನುಚ್ಚಾಗದಂತೆ ಪಾಲಿಷ್ ಮಾಡುವ ಯಂತ್ರವಂತೆ. ಬೊಂಬಾಯಿಯ ಏಜೆಂಟರು ಅದನ್ನು ಲಾರಿಯಲ್ಲಿ ಕಳಿಸಿ, ಹಿಂದೆಯೇ ಅದನ್ನು ಜೋಡಿಸಿಕೊಡಲು ಒಬ್ಬ ಫಿಟ್ಟರನ್ನೂ ಕಳಿಸಿದರು. ಐವತ್ತು ದಾಟಿದ, ಗಿಡ್ಡನೆಯ, ಮೂಗಿನ ತುದಿ ಸದಾ ಕೆಂಪಗಿರುತ್ತಿದ್ದ ಮನುಷ್ಯ. ಮಲಗುವುದು ಟ್ರಾವೆಲರ್ಸ್ ಬಂಗಲೆಯಲ್ಲಿ, ಊಟ ತಿಂಡಿ ನಮ್ಮ ಮನೆಯಲ್ಲಿ ಎಂದು ನಮ್ಮ ಯಜಮಾನರು ಏರ್ಪಾಡು ಮಾಡಿದರು.

ಮನೆಯಲ್ಲಿದ್ದವರು ಅತ್ತೆ, ಯಜಮಾನರು, ನಾನು, ಇಷ್ಟೇ. ಅತ್ತೆ ಆಚಾರವಂತರು. ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ನೀರನ್ನೂ ಹಾಕುತ್ತಿರಲಿಲ್ಲ. ಪರದೇಶದವನು ಏನೇನು ತಿನ್ನುವವನೋ ಎಂದು ಮೊದಲಿಗೆ ಮುಖ ಗಂಟು ಹಾಕಿಕೊಂಡಿದ್ದರು. ಆದರೆ ಬಂದ ದಿನವೇ ಆ ಫಿಟ್ಟರು ನಮ್ಮ ಅಂಗಳದಲ್ಲಿ ಒಣಹಾಕಿದ್ದ ಭತ್ತವನ್ನು ಬೊಗಸೆಯಲ್ಲಿ ಎತ್ತಿ, ಒಂದು ಕಾಳು ಹಲ್ಲಿಗೆ ಕಚ್ಚಿ ನೋಡಿ, ಎದೆ ಮುಟ್ಟಿಕೊಂಡು ಏನೋ ಹೇಳಿದರು. ಅವರ ಸೀಮೆಯಲ್ಲೂ ಭತ್ತದ ಗದ್ದೆಗಳೇ ಅಂತೆ. ಅತ್ತೆಗೆ ಇದು ನಂಬುವ ಮಾತು ಅನ್ನಿಸಲಿಲ್ಲ. ಆದರೂ ಭತ್ತ ಬಲ್ಲವನು ತೀರಾ ಕೆಟ್ಟವನಿರಲಾರ ಎಂದು ಒಳಗೆ ಕರೆದು ರೊಟ್ಟಿ ಬಡಿಸಿದರು.

ಅತ್ತೆಯ ಮನೆಯಲ್ಲಿ ಚಹಾ. ನನ್ನ ತವರಿನಲ್ಲಿ, ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಕಾಫಿ. ನಮ್ಮೂರು ಮದ್ರಾಸಿನ ಕೈಕೆಳಗಿದ್ದಾಗ ಅಂಟಿಕೊಂಡ ಚಟ ಅದು ಅಂತ ಅಪ್ಪ ಹೇಳುತ್ತಿದ್ದರು. ಮದುವೆಯಾಗಿ ಬರುವಾಗ ಅಮ್ಮ ಕೊಟ್ಟ ಪಾತ್ರೆಗಳ ನಡುವೆ ಒಂದು ಹಿತ್ತಾಳೆಯ ಫಿಲ್ಟರೂ ಇತ್ತು. ಅತ್ತೆಯ ಅಡುಗೆಮನೆಯಲ್ಲಿ ಅದಕ್ಕೆ ಕೆಲಸವಿಲ್ಲದೆ ಅಟ್ಟಕ್ಕೆ ಹೋಗಿತ್ತು. ಇಟಲಿಯವರಿಗೆ ಚಹಾ ಸೇರದು ಎಂದು ಗೊತ್ತಾದ ಮೇಲೆ ಅದು ಕೆಳಗಿಳಿಯಿತು. ಒಲೆಯ ಮುಂದೆ ನಾನೇ ಸ್ವಂತವಾಗಿ ಮಾಡುವ ಒಂದು ಕೆಲಸ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ಆಗಲೇ. ಹೊಸ ಸೊಸೆಗೆ ಅದು ಸಣ್ಣ ವಿಷಯವಲ್ಲ.

ಮೊದಮೊದಲು ಫಿಟ್ಟರು ಲೋಟ ಖಾಲಿ ಮಾಡಿ “ಬೋನೊ” ಎಂದು ಮೆಚ್ಚುತ್ತಿದ್ದರು. ಸ್ವಲ್ಪ ಸಲಿಗೆ ಬೆಳೆದ ಮೇಲೆ ಒಂದು ಸಂಜೆ ಲೋಟ ಕೈಯಲ್ಲಿ ಹಿಡಿದು ಯಜಮಾನರಿಗೆ ಏನೋ ಹೇಳಿದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಯಂತ್ರದ ಮಾತಾದರೆ ಕಾಗದದ ಮೇಲೆ ಚಿತ್ರ ಬರೆದು ದಾಟಿಸುತ್ತಿದ್ದರು, ಕಾಫಿಗೆ ಚಿತ್ರ ಬರೆಯುವುದು ಹೇಗೆ? ಫಿಟ್ಟರು ಹೋದ ಮೇಲೆ ಯಜಮಾನರು ಒಳಗೆ ಬಂದು, “ಕಾಫಿ ಕರೆಕ್ಟ್ ಆಗ್ಬೇಕಂತ. ಕೊರ್ರೆತ್ತೊ, ಕೊರ್ರೆತ್ತೊ ಅಂದ್ರು,” ಎಂದರು.

“ಏನು ತಪ್ಪಾಗೈತಂತ್ರಿ?”

“ಅದನ್ನ ಹೇಳಲಿಲ್ಲ. ನಕ್ಕೋತ ಹೇಳಿದ್ರು.”

ನಕ್ಕಿದ್ದು ಸಮಾಧಾನಕ್ಕೋ ಗೇಲಿಗೋ ಎಂದು ನಾನು ಕೇಳಿದೆ. ಅದು ಅವರಿಗೂ ತಿಳಿದಿರಲಿಲ್ಲ.

ಮರುದಿನ ಡಿಕಾಕ್ಷನ್ ಗಟ್ಟಿ ಮಾಡಿದೆ. ಕುಡಿದರು, ತಲೆಯಾಡಿಸಿದರು, ಯಜಮಾನರ ಕಡೆ ನೋಡಿ ಮತ್ತೆ ಅದೇ ಶಬ್ದ ಅಂದರು. ಹಾಲು ಕಡಿಮೆ ಮಾಡಿದೆ. ಆಮೇಲೆ ಹಾಲನ್ನೇ ಬಿಟ್ಟೆ. ಹಾಲು ಬಿಟ್ಟ ದಿನ ಅವರ ಮುಖ ಅರಳಿತು, ಇನ್ನೇನು ಗೆದ್ದೆ ಅಂದುಕೊಂಡೆ. ಆದರೆ ಅವರು ಹೆಬ್ಬೆರಳನ್ನು ಲೋಟದ ಮೇಲೆ ಬಗ್ಗಿಸಿ, ಯಾವುದೋ ಹನಿ ಬೀಳಿಸುವಂತೆ ಸನ್ನೆ ಮಾಡಿ, ಮತ್ತೆ “ಕೊರ್ರೆತ್ತೊ” ಅಂದರು. ನಾನು ಒಂದು ಹನಿ ನೀರು ಹಾಕಬೇಕೇನೋ ಎಂದು ತಂಬಿಗೆ ತಂದೆ. ಅವರು ಎರಡೂ ಕೈ ಮೇಲೆತ್ತಿ ನಕ್ಕುಬಿಟ್ಟರು. ಅತ್ತೆಗೆ ಮೊದಲು ಸಿಟ್ಟು ಬಂದದ್ದು ಅವರ ಮೇಲೆ. ಪೂರಾ ಕುಡಿದು ಲೋಟ ಬೋರಲು ಹಾಕುವವನು ಮತ್ತೆ ಸರಿಯಿಲ್ಲ ಅನ್ನುವುದು ಯಾವ ನಡತೆ ಎಂದು ಬೈದರು. ದಿನ ಕಳೆದಂತೆ ಅವರ ಅನುಮಾನ ನನ್ನ ಕಡೆ ತಿರುಗಿತು. ನಾನು ಕಾಫಿ ಸೋಸುವಾಗ ಪಕ್ಕದಲ್ಲಿ ಬಂದು ನಿಲ್ಲತೊಡಗಿದರು.

ಹೊಸ ಕಾಫಿಪುಡಿ ತರುವ ನೆಪದಲ್ಲಿ ತವರಿಗೆ ಹೋದೆ. ಅಲ್ಲಿ ನೆನಪಾದದ್ದು ನಾನು ಓದಿದ ಕನ್ಯಾಸ್ತ್ರೀಯರ ಶಾಲೆ. ಹೊಲಿಗೆ ಕಲಿಸುತ್ತಿದ್ದ ಒಬ್ಬ ಮುದುಕಿ ಸಿಸ್ಟರ್ ಇಟಲಿಯವರು ಎಂದು ನಾವು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದೆವು. ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟು ಬಂದವರು, ಮತ್ತೆ ಹೋದವರಲ್ಲ. ಅವರ ಕನ್ನಡದಲ್ಲಿ ತೆಲುಗು ಧಾರಾಳವಾಗಿ ಬೆರೆತಿತ್ತು. ನಮ್ಮನ್ನೆಲ್ಲ “ಅಮ್ಮಾಯಿ” ಎಂದೇ ಕರೆಯುತ್ತಿದ್ದರು. ಈಗ ಹೊಲಿಗೆ ಬಿಟ್ಟು ಡಿಸ್ಪೆನ್ಸರಿಯ ಉಸ್ತುವಾರಿ ನೋಡುತ್ತಿದ್ದರು.

ನಾನು ಹೋದಾಗ ಔಷಧಿ ಸೀಸೆಗಳನ್ನು ಒರೆಸುತ್ತ ಕೂತಿದ್ದರು. ಬಂದ ಕಾರಣ ಹೇಳಿದೆ. ಆ ಶಬ್ದವನ್ನು ನನ್ನ ನಾಲಿಗೆಗೆ ಬಂದಂತೆ ಅಂದೆ. ಸಿಸ್ಟರ್ ಬಟ್ಟೆ ಕೆಳಗಿಟ್ಟು, ಮತ್ತೊಮ್ಮೆ ಹೇಳು ಎಂದರು. ಹೇಳಿದೆ. ಅವರಿಗೆ ನಗು ಬಂತು, ನಗುತ್ತ ನಗುತ್ತ ಕೆಮ್ಮು ಬಂತು.

“ನಿನ್ನ ಕಾಫಿ ತಪ್ಪಿಲ್ಲ ಅಮ್ಮಾಯಿ,” ಎಂದರು. “ತಿದ್ದಿದ ಕಾಫಿ ಅಂತ ಅದರ ಹೆಸರು. ಅಂದ್ರ, ಕಾಫಿಗೆ ಒಂದೀಟು ಸಾರಾಯಿ ಹಾಕೋದು.”

ಕೇಳಿದ್ದು ಸರಿಯೇ ಎಂದು ಮತ್ತೆ ಕೇಳಿದೆ. ಸರಿಯೇ. ಚಳಿಗಾಲದಲ್ಲಿ ತಮ್ಮ ತಂದೆ ದನದ ಕೊಟ್ಟಿಗೆಗೆ ಹೋಗುವ ಮೊದಲು ಹಾಗೆಯೇ ಕುಡಿಯುತ್ತಿದ್ದರು ಎಂದು ಸಿಸ್ಟರ್ ಹೇಳಿದರು. ಅದರಲ್ಲಿ ಹೇಳಬಾರದ್ದು ಏನಾದರೂ ಇದೆ ಎಂದು ಅವರಿಗೆ ಅನ್ನಿಸಿದಂತೆಯೇ ಇರಲಿಲ್ಲ. ನಮಗೆ ಬೆಳಗಿನ ಪ್ರಾರ್ಥನೆ ಕಲಿಸಿದ ಬಾಯಿಯಲ್ಲೇ ಈ ಮಾತು ಬರುತ್ತಿತ್ತು. ಸಾರಾಯಿ ಎಂದರೆ ನಮ್ಮಲ್ಲಿ ಆ ಶಬ್ದವನ್ನೇ ಮನೆಯೊಳಗೆ ಆಡುತ್ತಿರಲಿಲ್ಲ. ನಾನು ತಪ್ಪು ತಿಳಿದಿದ್ದೇನೋ, ಇವರು ಬದಲಾಗಿದ್ದಾರೋ, ಒಂದೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಸಿಸ್ಟರ್ ನನಗೆ ಪೂರ್ತಿ ವಾಕ್ಯವನ್ನೇ ಹೇಳಿಕೊಡತೊಡಗಿದ್ದರು. “ಉನ್ ಕಫ್ಫೆ ಕೊರ್ರೆತ್ತೊ, ಪೆರ್ ಫವೋರೆ.” ಒಂದು ತಿದ್ದಿದ ಕಾಫಿ ಕೊಡಿ, ದಯವಿಟ್ಟು. ಹೊಲಿಗೆಯ ಕಾಜಾ ಕಲಿಸುವಾಗಿನ ತಾಳ್ಮೆಯೇ ಅದರಲ್ಲೂ ಇತ್ತು. ನಾನು ಅನ್ನುವುದು, ಅವರು ತಿದ್ದುವುದು.

ಬಾಗಿಲ ತನಕ ಬಂದು, ಆ ಮನುಷ್ಯನನ್ನು ಒಂದು ಸಲ ಕರೆದುಕೊಂಡು ಬರಲಾದೀತೇ ಎಂದು ಮೆತ್ತಗೆ ಕೇಳಿದರು. ಮನೆಯ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು.

ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಬರುವಾಗಲೆಲ್ಲ ಅತ್ತೆಗೆ ಏನು ಹೇಳುವುದು ಎಂಬ ಒಂದೇ ಯೋಚನೆ. ಇದ್ದದ್ದನ್ನು ಹೇಳಿದರೆ ಆ ಮನುಷ್ಯನಿಗೆ ನಮ್ಮ ಮನೆಯ ಊಟ ತಪ್ಪುತ್ತದೆ. ಹೇಳದಿದ್ದರೆ ನನ್ನ ಕಾಫಿ ಎಂದೆಂದಿಗೂ ತಪ್ಪೇ. ಯಜಮಾನರಿಗೆ ಹೇಳಿದೆ. ಅವರು ಮೊದಲು ಗರಬಡಿದವರಂತೆ ಕೂತರು, ಆಮೇಲೆ ಬಾಯಿಗೆ ಪಂಚೆ ಒತ್ತಿಕೊಂಡು ನಕ್ಕರು. “ಅವ್ವಗ ಈಗ ಹೇಳಬ್ಯಾಡ. ಐತವಾರ ಸಿಸ್ಟರ್ ಹತ್ರ ಕರ್ಕೊಂಡು ಹೋಗೋಣ,” ಎಂದರು.

ಮಿಲ್ಲಿನ ಜೀಪಿನಲ್ಲಿ ಹೋದೆವು. ಫಿಟ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಕಾನ್ವೆಂಟಿನ ಮುಂದಿನ ಕೋಣೆಯಲ್ಲಿ ಸಿಸ್ಟರ್ ಎದ್ದು ನಿಂತರು, ಏನೋ ಅಂದರು. ಫಿಟ್ಟರು ಎರಡೂ ಕೈಯಲ್ಲಿ ಸಿಸ್ಟರ ಕೈ ಹಿಡಿದುಕೊಂಡು ನಲ್ಲಿ ಬಿಟ್ಟ ಹಾಗೆ ಮಾತಾಡತೊಡಗಿದರು. ನಾನು ಸಂತೋಷದಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸಿಸ್ಟರ್ ಕೈ ಅಡ್ಡ ಹಿಡಿದು, “ಮೆಲ್ಲಕ, ಮೆಲ್ಲಕ,” ಎಂದರು, ಕನ್ನಡದಲ್ಲಿ. ಫಿಟ್ಟರು ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ.

ಸಿಸ್ಟರದು ಗುಡ್ಡಗಾಡಿನ ಹಳ್ಳಿ, ಫಿಟ್ಟರದು ಬಯಲು. ಒಂದೇ ದೇಶವಾದರೂ ಹಳ್ಳಿಯ ಮಾತು ಬೇರೆ ಬೇರೆ ಎಂದು ಆಮೇಲೆ ಸಿಸ್ಟರೇ ಹೇಳಿದರು. ಅದರ ಮೇಲೆ ಸಿಸ್ಟರ ಮಾತಿಗೆ ತುಕ್ಕು ಹಿಡಿದಿತ್ತು. ಒಂದು ವಾಕ್ಯ ಹಿಡಿದು ಹೊರಡುತ್ತಿದ್ದರು, ನಡುವೆ “ಅಂದ್ರ” ಬರುತ್ತಿತ್ತು, “ಆಮ್ಯಾಲ” ಬರುತ್ತಿತ್ತು, ಒಮ್ಮೆ “ಅದೇನಂಟೆ” ಎಂದು ತೆಲುಗೂ ಬಂತು. ಅವು ಗುಡ್ಡದ ಕಡೆಯ ಶಬ್ದಗಳು ಎಂದುಕೊಂಡು ಫಿಟ್ಟರು ತಲೆದೂಗುತ್ತಿದ್ದರು. ಮಾತು ಏರುತ್ತಿತ್ತು, ಇಳಿಯುತ್ತಿತ್ತು. ಜಗಳವೋ ನಂಟೋ ನಮಗೆ ತಲೆಬುಡ ತಿಳಿಯಲಿಲ್ಲ. ಯಜಮಾನರು ಗೋಡೆಯ ಮೇಲಿನ ಏಸುವಿನ ಪಟ ನೋಡುತ್ತ ಕೂತಿದ್ದರು. ಒಂದು ಹಂತದಲ್ಲಿ ಸಿಸ್ಟರ್ ಏನೋ ಕೇಳಿದರು, ಫಿಟ್ಟರು ಅಂಗೈಯನ್ನು ಚಪ್ಪಟೆ ಹಿಡಿದು ಗಾಳಿಯಲ್ಲಿ ಮೇಲಕ್ಕೆ ಏರಿಸಿ ತೋರಿಸಿದರು. ಸಿಸ್ಟರ್ ಎದ್ದು ಕಾಫಿ ತರಲು ಹೋದರು.

ಮೂರು ಕಪ್ಪು ತಂದರು. ಡಿಸ್ಪೆನ್ಸರಿಯ ಬ್ರಾಂದಿ ಸೀಸೆಯನ್ನೂ ತಂದರು. ಬಾಣಂತಿಯರಿಗೆ ಕೊಡಲು ಇಟ್ಟಿದ್ದು. ಫಿಟ್ಟರ ಕಪ್ಪಿಗೆ ಒಂದು ಚಮಚ ಹಾಕಿ, ಯಜಮಾನರ ಕಪ್ಪಿನ ಮೇಲೂ ಚಮಚ ಬಗ್ಗಿಸಿದಾಗ ನಾನು, “ನಮಗ ಬ್ಯಾಡ್ರಿ ಸಿಸ್ಟರ್,” ಎಂದೆ. ಯಜಮಾನರು ಬಹಳ ಹೊತ್ತು ತಮ್ಮ ಕಪ್ಪನ್ನು ಮೂಸಿ ನೋಡಿ, ಏನೂ ಬಿದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಕುಡಿದರು. ಫಿಟ್ಟರು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಒಂದು ಚಮಚದಿಂದ ಮನುಷ್ಯನ ಮುಖ ಅಷ್ಟು ಬದಲಾಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ವಾಪಸು ಬರುವಾಗ ಯಜಮಾನರಿಗೆ ಕುರುಗೋಡಿನಲ್ಲಿ ಒಬ್ಬ ಭತ್ತದ ವ್ಯಾಪಾರಿಯನ್ನು ಕಾಣುವುದಿತ್ತು. ಕೊಳಗಲ್ಲು ದಾಟಿ ಕುರುಗೋಡಿಗೆ ಬಂದಾಗ ಬಿಸಿಲಿಗೆ ಕಾದ ಬಂಡೆಗಳು ಇನ್ನೂ ಆರಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಮ್ಮಿಬ್ಬರನ್ನು ಕೂರಿಸಿ ಅವರು ಹೋದರು. ಪರಗಂಡಸಿನ ಜೊತೆ ಹೋಟೆಲಿನಲ್ಲಿ ಕೂತದ್ದು ಅದೇ ಮೊದಲು, ಮುಜುಗರವಾಗುತ್ತಿತ್ತು. ಬಾಯಿಗೆ ಬಂದ ಬೇರೆ ಮಾತಿಲ್ಲದೆ, ಸಿಸ್ಟರ್ ಹೇಳಿಕೊಟ್ಟ ವಾಕ್ಯವನ್ನು ಅವರಿಗೆ ಒಪ್ಪಿಸಿದೆ. ಅವರು ಬೆರಗಾಗಿ, ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಅನ್ನಿ ಎಂದು ಸನ್ನೆ ಮಾಡಿದರು. ನಾನು ಇನ್ನೂ ಸ್ಪಷ್ಟವಾಗಿ ಅಂದೆ. ಅಷ್ಟರಲ್ಲಿ ಸಪ್ಲೈಯರ್ ಬಂದು ನಿಂತಿದ್ದ. ಅವನು ನನ್ನ ಮಾತನ್ನು ಕೇಳಿಸಿಕೊಂಡು, “ಕರೆಕ್ಟ್ ಆಗೇ ಮಾಡ್ತೀವಿ ಅಕ್ಕಾರ, ಎರಡೂ ಸ್ಟ್ರಾಂಗೇನ್ರಿ?” ಎಂದ. ಇಟಲಿಯ ಭಾಷೆಯಲ್ಲಿ ನಾನು ಜೀವಮಾನದಲ್ಲಿ ಆರ್ಡರ್ ಮಾಡಿದ ಕಾಫಿ ಅದೊಂದೇ. ಬಂದದ್ದು ಚಿಕೋರಿ ತುಂಬಿದ ಸಿಹಿ ಕಾಫಿ. ಇಬ್ಬರೂ ಕುಡಿದೆವು.

ಬಳ್ಳಾರಿಯಲ್ಲಿ ಫಿಟ್ಟರು ಅಂಗಡಿಯೊಂದಕ್ಕೆ ಹೋಗಿಬಂದದ್ದನ್ನು ನಾನು ನೋಡಿದ್ದೆ. ಮರುದಿನ ಸಂಜೆ ಜೇಬಿನಿಂದ ಚಪ್ಪಟೆ ಸೀಸೆ ತೆಗೆದು ಜಗಲಿಯ ಮೇಲಿಟ್ಟು, ಅತ್ತೆಯ ಕಡೆ ಕೈ ತೋರಿಸಿ, ಕೇಳಿಕೊಡು ಎನ್ನುವಂತೆ ನನ್ನನ್ನು ನೋಡಿದರು. ಕದ್ದು ಕುಡಿಯುವುದು ಅವರಿಗೆ ಬೇಕಿರಲಿಲ್ಲ. ಅತ್ತೆ ಸೀಸೆಯನ್ನು ದೂರದಿಂದಲೇ ನೋಡಿ, ಅದೇನು ಎಂದರು.

“ಔಷಧ ಅತ್ತಿ,” ಎಂದೆ.

“ಯಾವ ಬ್ಯಾನಿಗೆ?”

ಶೀತಕ್ಕೆ ಎನ್ನೋಣವೆಂದರೆ ಸಿರುಗುಪ್ಪದ ಬಿಸಿಲಿನಲ್ಲಿ ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಅತ್ತೆ ನನ್ನನ್ನೂ ಅವರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಕಿವಿ ಮುರಿದ ಒಂದು ಪಿಂಗಾಣಿ ಕಪ್ಪು ತಂದು ಜಗಲಿಯ ತುದಿಗೆ ಇಟ್ಟರು. “ಅಡಿಗಿ ಮನಿಗೆ ತರಬ್ಯಾಡ. ಇದರಾಗ ಕುಡೀಲಿ, ತಾನೇ ತೊಳದು ಇಲ್ಲೇ ಇಡ್ಲಿ,” ಎಂದರು. ಅವರಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಅಂದಿನಿಂದ ಅವರು ಕಾಫಿಯ ಪಕ್ಕ ಬಂದು ನಿಲ್ಲುವುದನ್ನು ಮಾತ್ರ ಬಿಟ್ಟರು.

ಮತ್ತೊಂದು ಐತವಾರ ಹತ್ತಿರ ಬಂದಾಗ ಫಿಟ್ಟರು “ಸಿಸ್ಟರ್?” ಎಂದು ಕೇಳಿದರು. ಅಪ್ಪನ ಆರೋಗ್ಯ ವಿಚಾರಿಸಲು ಬಳ್ಳಾರಿಗೆ ಹೋಗಿದ್ದ ನಾನು, ಯಾವಾಗ ಕರೆತರಲಿ ಎಂದು ಕೇಳಲು ಕಾನ್ವೆಂಟಿಗೆ ಹೋದೆ. ಸಿಸ್ಟರ್ ಬಾಗಿಲಲ್ಲೇ, “ಇನ್ನ ಕರ್ಕೊಂಡು ಬರಬ್ಯಾಡ ಅಮ್ಮಾಯಿ,” ಎಂದುಬಿಟ್ಟರು. ನಾನು ಕಕ್ಕಾಬಿಕ್ಕಿಯಾದೆ. ನಮ್ಮಿಂದ ಏನಾದರೂ ಆಯಿತೇ ಎಂದೆ. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದರು. ಆ ಮನುಷ್ಯ ಅವರ ಹಳ್ಳಿಯ ಕಡೆ ಕೆಲಸಕ್ಕೆ ಹೋದವನಂತೆ. ಊರು ಹೇಗಿದೆ ಎಂದು ಕೇಳಿದಾಗ ನೀರಿನ ಮಾತು ಹೇಳಿದನಂತೆ.

“ಊರಿಗೆ ನೀರು ಬಂದೈತಿ ಅಂದ್ನೋ, ಊರು ನೀರಾಗ ಹೋಗೈತಿ ಅಂದ್ನೋ, ನನಗೆ ತಿಳೀಲಿಲ್ಲ,” ಎಂದರು. “ನನ್ನ ಭಾಷೆನೇ. ಆದ್ರೂ ತಿಳೀಲಿಲ್ಲ.”

ತಂದೆತಾಯಿ ಹೋಗಿ, ತಂಗಿ ಹೋಗಿ, ಆ ಕಡೆಯಿಂದ ಸುದ್ದಿ ಬರುವುದು ಎಂದೋ ನಿಂತಿತ್ತು. ಮತ್ತೆ ಕೇಳಿದರೆ ಆಯಿತಲ್ಲ ಎಂದೆ ನಾನು. ಸಿಸ್ಟರ್ ಬೇಡವೆಂದು ತಲೆಯಾಡಿಸಿದರು. ಆವತ್ತಿನಿಂದ ನಿದ್ದೆಯಿಲ್ಲ, ಕೇಳಿ ತಿಳಿದುಕೊಂಡರೆ ಇನ್ನು ಏನಾಗುವುದೋ ಎಂದರು.

ಸಿಸ್ಟರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ನಾನು ಫಿಟ್ಟರಿಗೆ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ, ತಮ್ಮಿಂದ ತಪ್ಪಾಯಿತೇನೋ ಎನ್ನುವಂತೆ ನೋಡಿದರು. ನನಗೆ ತಡೆಯಲಾಗಲಿಲ್ಲ. ಸಿಸ್ಟರ್ ಕೇಳಬೇಡ ಅಂದದ್ದು ಅವರ ಮಟ್ಟಿಗೆ, ನಾನು ಕೇಳಬಾರದೆಂದೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಮಿಲ್ಲಿಗೆ ಹೋದಾಗ ಯಜಮಾನರ ಕೈಯಲ್ಲಿ ಕೇಳಿಸಿದೆ. ಫಿಟ್ಟರು ಸೀಮೆಸುಣ್ಣ ತೆಗೆದು, ತವುಡು ಬಿದ್ದ ನೆಲವನ್ನು ಕಾಲಿನಿಂದ ಸರಿಸಿ, ಬರೆದರು. ಎರಡು ಗುಡ್ಡ. ನಡುವೆ ಅಡ್ಡ ಒಂದು ಗೋಡೆ. ಗೋಡೆಯ ಹಿಂದೆ ಸಣ್ಣ ಸಣ್ಣ ಮನೆಗಳು. ಆಮೇಲೆ ಆ ಮನೆಗಳ ಮೇಲೆಲ್ಲ ಅಲೆ ಅಲೆಯಾಗಿ ಗೆರೆ ಎಳೆದರು.

“ಡ್ಯಾಮು,” ಎಂದರು ಯಜಮಾನರು. ಸಿರುಗುಪ್ಪದವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಭತ್ತ ಬೆಳೆಯುವುದೇ ಡ್ಯಾಮಿನ ನೀರಿನಲ್ಲಿ. ಅದರ ಹಿಂದೆ ಮುಳುಗಿದ ಊರುಗಳ ಹೆಸರು ಅತ್ತೆಗೆ ಬಾಯಿಪಾಠ. ಫಿಟ್ಟರು ಗುಡ್ಡದ ಮೇಲೆ ಬೇರೆ ಮನೆಗಳನ್ನು ಬರೆದು, ಜನ ಅಲ್ಲಿಗೆ ಹತ್ತಿಹೋದರು ಎಂದು ಎರಡು ಬೆರಳು ನಡೆಸಿ ತೋರಿಸಿದರು. ನೀರಿನ ಗೆರೆಗಿಂತ ತುಸು ಮೇಲೆ, ನೆಟ್ಟಗೆ ಒಂದು ಉದ್ದನೆಯ ಗೀಟು ಎಳೆದು ತುದಿಗೆ ಅಡ್ಡ ಇನ್ನೊಂದು ಹಾಕಿದರು. ಅಷ್ಟರಲ್ಲಿ ಯಾರೋ ಯಂತ್ರದ ಬೆಲ್ಟು ಜಾರಿತೆಂದು ಕೂಗಿದರು, ಅವರು ಎದ್ದು ಓಡಿದರು.

ಯಂತ್ರ ನಡೆಯಿತು. ಬೆಳ್ಳಗಿನ, ಮುರಿಯದ ಅಕ್ಕಿಯನ್ನು ಯಜಮಾನರು ಒಂದು ಹಿಡಿ ತಂದು ಅತ್ತೆಯ ಉಡಿಗೆ ಹಾಕಿದರು. ಫಿಟ್ಟರು ಹೊರಡುವ ದಿನ ಅತ್ತೆಯ ಕಾಲು ಮುಟ್ಟಲು ಹೋಗಿ, ಅವರು ಹಿಂದೆ ಸರಿದದ್ದನ್ನು ಕಂಡು ಕೈಮುಗಿದರು. ನನ್ನ ಕೈಯಲ್ಲಿ ಅರ್ಧ ಉಳಿದಿದ್ದ ಆ ಸೀಸೆಯನ್ನು ಇಟ್ಟು “ಸಿಸ್ಟರ್” ಎಂದರು. ಜೀಪು ಹೋದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತುಬಿಟ್ಟೆ. ಒಳಗೆ ಒಯ್ಯುವಂತಿಲ್ಲ, ಹೊರಗೆ ಬಿಡುವಂತಿಲ್ಲ. ಕೊನೆಗೆ ರವಿಕೆ ಖಣದಲ್ಲಿ ಸುತ್ತಿ ಚೀಲದ ತಳಕ್ಕಿಟ್ಟು ಬಳ್ಳಾರಿಯ ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗಲೆಲ್ಲ ವಾಸನೆ ಬಂತೇನೋ ಎಂದು ಪಕ್ಕದವರ ಮುಖ ನೋಡುತ್ತಿದ್ದೆ.

ಸಿಸ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಡಿಸ್ಪೆನ್ಸರಿಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ಮಿಲ್ಲಿನ ನೆಲದ ಚಿತ್ರದ ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಅದಕ್ಕೆ ಎಡೆ ಕೊಡಲಿಲ್ಲ. ಯಾವ ಬಾಣಂತಿ ಬಂದಿದ್ದಳು, ಯಾವ ಮಗುವಿಗೆ ಕೆಮ್ಮು, ಅದನ್ನೇ ಹೇಳುತ್ತ ಹೋದರು. ನಾನು ಎದ್ದೆ. ಗೇಟಿನ ತನಕ ಬಂದು, ಬೋಲ್ಟಿನ ಮೇಲೆ ಕೈಯಿಟ್ಟು ನಿಂತರು.

“ಚರ್ಚು?” ಎಂದರು. ಅಷ್ಟೇ.

ಆ ಉದ್ದನೆಯ ಗೀಟು, ತುದಿಯ ಅಡ್ಡಗೀಟು ಕಣ್ಣ ಮುಂದೆ ಬಂತು. ಅದು ಚರ್ಚಿನ ಶಿಲುಬೆಯೋ, ಕರೆಂಟಿನ ಕಂಬವೋ ನಾನು ಅರಿಯೆ. ಕೇಳಬೇಕಾದವರು ಆಗಲೇ ಬೊಂಬಾಯಿ ಮುಟ್ಟಿರಬೇಕು.

“ಮ್ಯಾಲ ಐತ್ರಿ ಸಿಸ್ಟರ್,” ಎಂದೆ. “ನೀರು ಅಲ್ಲಿ ತನಕ ಬಂದಿಲ್ಲ.”

ಅವರು ಬೋಲ್ಟು ತೆಗೆದು ನನ್ನನ್ನು ಹೊರಗೆ ಬಿಟ್ಟರು. ಬಿಸಿಲು ಜೋರಿದೆ, ತಲೆಯ ಮೇಲೆ ಸೆರಗು ಹಾಕಿಕೊಂಡು ಹೋಗು ಎಂದರು.